ಶಾಸ್ತ್ರದಾನವೂ ಶಿಕ್ಷಕರ ಜೀವಿತವೂ

ಕ್ರಿ.ಶ. 1340ರ ದಶಕದಲ್ಲಿ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತನು ನಮ್ಮ ಕರಾವಳಿಯ ಹೊನ್ನಾವರಕ್ಕೆ ಬಂದಿದ್ದನು. ಆಗ ಆ ಬಂದರು ಜಮಾಲುದ್ದೀನನೆಂಬ ಅಧಿಪತಿಯ ಕೈಯಲ್ಲಿತ್ತು. ಆತನಾದರೋ ಪ್ರವಾಸಿಯು ‘ಹರ್ಯಬ್’ ಎಂದು ಕರೆದಿರುವ ಹಿಂದೂ ಅರಸನಿಗೆ ಅಧೀನನಾಗಿದ್ದನು. ಊರಿನ ಹೆಂಗಸರು ಕುರ್‌ಆನನ್ನು ಕಂಠಸ್ಥ ಮಾಡಿಕೊಂಡಿದ್ದುದನ್ನು ಕಂಡು ವಿಸ್ಮಯಗೊಂಡ ಇಬ್ನ್ ಬತೂತನು, ಅಲ್ಲಿ ಬಾಲಿಕೆಯರಿಗೆ 13 ಶಾಲೆಗಳೂ ಬಾಲಕರಿಗೆ 23 ಶಾಲೆಗಳೂ ಇದ್ದುವೆಂದೂ ಇಂತಹದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಬರೆದಿಟ್ಟಿದ್ದಾನೆ. ಸುಮಾರು ಆರುನೂರ ಎಂಬತ್ತು ವರ್ಷಗಳ ಹಿಂದೆ ಕನ್ನಡ ನಾಡಿನ ಒಂದು ಬಂದರಿನಲ್ಲಿ ಹೆಣ್ಣುಮಕ್ಕಳ ಶಾಲೆಗಳೇ ಹದಿಮೂರಿದ್ದುವೆಂಬುದು ನಾವೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ.

ಮೂವತ್ತಾರು ಶಾಲೆಗಳೆಂದಮೇಲೆ ಕಡಿಮೆಯೆಂದರೂ ಮೂವತ್ತಾರು ಮಂದಿ ಕಲಿಸುವವರು ಇದ್ದಿರಲೇಬೇಕು. ವ್ಯಾಪಾರಿಯ ಕಣ್ಣಿಗೆ ಮೊದಲು ತೋರುವ ಪ್ರಶ್ನೆ ಇದು: ಅವರ ಹೊಟ್ಟೆಬಟ್ಟೆಗೆ ಯಾರು ಕೊಡುತ್ತಿದ್ದರು? ಕಾಯಿಲೆ ಬಿದ್ದಾಗ, ಮುಪ್ಪು ಬಂದಾಗ, ಊರ ಹಿರಿಯರೊಡನೆ ಮಾತಿಗೆ ಮಾತು ಬೆಳೆದಾಗ ಅವರ ಪಾಡೇನಾಗುತ್ತಿತ್ತು? ಪ್ರವಾಸಿಯು ಶಾಲೆಗಳನ್ನು ಎಣಿಸಿದನೇ ಹೊರತು ಶಿಕ್ಷಕರನ್ನು ಎಣಿಸಲಿಲ್ಲ. ಅವನೊಬ್ಬನನ್ನೇ ದೂರಬೇಕಾಗಿಲ್ಲ. ಧಾರ್ಮಿಕ ಶಾಲೆಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಕಟ್ಟಿಸಿದವರ ಚರಿತ್ರೆ. ಇಂದಿಗೂ ಯಾವ ಪಾಠಶಾಲೆಯ ಬಾಗಿಲಲ್ಲಿ ನಿಂತರೂ ಅಮೃತಶಿಲೆಯ ಫಲಕದ ಮೇಲೆ ದಾನಿಗಳ ಹೆಸರು ಕಾಣುತ್ತದೆ. ಮೂವತ್ತು ವರ್ಷ ಅಲ್ಲಿ ಕಲಿಸಿದವರ ಹೆಸರು ಕಾಣುವುದು ಅಪೂರ್ವ. ಧರ್ಮದ ಹೆಸರಿನಲ್ಲಿ ನಡೆಯುವ ಶಾಲೆಗಳಲ್ಲಿ ಕಲಿಸುವವರ ಸ್ಥಾನಮಾನ, ಅವರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಮಾಡುವ ತಾರತಮ್ಯ, ಅದನ್ನು ತಡೆಯಲು ರಾಜಶಾಸನವು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂಬುದನ್ನು ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯನ್ನು ಕಣ್ಮುಂದಿಟ್ಟುಕೊಂಡು ವಾಚಕರೊಡನೆ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಈ ಮೂರು ತಾಲ್ಲೂಕುಗಳನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟು ಧರ್ಮಗಳ ವಿದ್ಯಾಪರಂಪರೆಗಳು ನೆರೆಹೊರೆಯಾಗಿ ಬೆಳೆದ ಉದಾಹರಣೆ ವಿರಳ. ಭಟ್ಕಳದ ಸಮೀಪದ ಹಾಡುವಳ್ಳಿಯು ಶಾಸನಗಳ ಸಂಗೀತಪುರ. ಅಲ್ಲಿಯ ಜೈನ ಅರಸರೂ ಗೇರುಸೊಪ್ಪೆಯ ಜೈನ ಅರಸರೂ ಮೆಣಸಿನ ವ್ಯಾಪಾರದಿಂದ ಸಿರಿವಂತರಾದವರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ಯೆಂದೇ ಕರೆದರು. ಅರಬ್ಬೀ ವರ್ತಕರ ಸಂತತಿಯವರಾದ ನವಾಯತರು ಈ ಜೈನ ಅರಸರ ಆಶ್ರಯದಲ್ಲಿಯೇ ಭಟ್ಕಳದಲ್ಲಿ ನೆಲೆಯೂರಿ ವ್ಯಾಪಾರ ಮಾಡಿದರು. ಗೇರುಸೊಪ್ಪೆಯ ಚತುರ್ಮುಖ ಬಸದಿಯ ಮುಂದೆ ನಿಂತಾಗಲೆಲ್ಲ ನನಗೆ ಈ ಕೊಡುಕೊಳೆಯ ನೆನಪೇ ಮೊದಲು ಬರುತ್ತದೆ.

ಹಾಡುವಳ್ಳಿಯ ಮಠದ ಅಕಲಂಕದೇವರ ಶಿಷ್ಯನಾದ ಭಟ್ಟಾಕಳಂಕನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದನು. ಕನ್ನಡಕ್ಕೆ ಸಂಸ್ಕೃತ ಸೂತ್ರಗಳಲ್ಲಿ ವ್ಯಾಕರಣ ಬರೆದು, ಈ ಭಾಷೆಯು ಶಾಸ್ತ್ರಕ್ಕೆ ಯೋಗ್ಯವೆಂದು ವಾದಿಸಿದ ಈ ಮಹಾವಿದ್ವಾಂಸನು ಸಿದ್ಧನಾದದ್ದು ಒಂದು ಧಾರ್ಮಿಕ ವಿದ್ಯಾಸ್ಥಾನದಲ್ಲಿ. ಅಲ್ಲಿ ಗುರುವಿನ ಹೆಸರು ಉಳಿದಿದೆ. ಪ್ರಾಚೀನರು ಗುರುವಿನ ಹೆಸರನ್ನು ಉಳಿಸುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಅವನ ಅನ್ನವನ್ನೂ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು.

ನಮ್ಮ ಶಾಸನಗಳಲ್ಲಿ ‘ಜೀವಿತ’ವೆಂಬ ಮಾತಿದೆ. ಇಂದು ನಾವು ಬಾಳು ಎಂಬ ಅರ್ಥದಲ್ಲಿ ಬಳಸುವ ಈ ಶಬ್ದಕ್ಕೆ ಅಲ್ಲಿ ಜೀವನೋಪಾಯಕ್ಕಾಗಿ ಬಿಟ್ಟ ವೃತ್ತಿಯೆಂದೂ ಅರ್ಥ. ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಮಂತ್ರಿ ನಾರಾಯಣನು ವಿದ್ಯಾಶಾಲೆ ಕಟ್ಟಿಸಿದಾಗ ವಿದ್ಯಾರ್ಥಿಗಳಿಗೂ ದೀಪದೆಣ್ಣೆಗೂ ವಾಸದ ಮನೆಗಳಿಗೂ ಬೇರೆಬೇರೆ ದತ್ತಿ ಹೇಳಿದುದಲ್ಲದೆ ಉಪಾಧ್ಯಾಯನಿಗೆಂದೇ ಪ್ರತ್ಯೇಕ ಭೂಮಿ ಬಿಟ್ಟುದನ್ನು ಅಲ್ಲಿಯ ಶಾಸನವು ತಿಳಿಸುತ್ತದೆ. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನದಲ್ಲಿ ಘಟಿಕಾಸ್ಥಾನದ ವೇದಾಧ್ಯಾಪಕರು, ಶಾಸ್ತ್ರಾಧ್ಯಾಪಕರು ಮಾತ್ರವಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗಳಿಗೂ, ಎಂದರೆ ಗ್ರಂಥಪಾಲಕರಿಗೂ, ಜೀವಿತವಿದೆ. ಜೈನ ಶಾಸನಗಳಲ್ಲಂತೂ ಆಚಾರ್ಯರ ಕಾಲು ತೊಳೆದು ಧಾರಾಪೂರ್ವಕವಾಗಿ ಭೂಮಿ ಕೊಟ್ಟ ವರ್ಣನೆ ಹೆಜ್ಜೆಹೆಜ್ಜೆಗೂ ಬರುತ್ತದೆ. ಕಡೆಯಲ್ಲಿ ಶಾಪಾಶಯ: ಈ ದತ್ತಿಯನ್ನು ಅಪಹರಿಸಿದವನು, ತಾನೇ ಕೊಟ್ಟುದನ್ನಾದರೂ ಸರಿ, ಮಹಾಪಾಪಕ್ಕೆ ಗುರಿಯಾಗುವನು. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ಶಾಪವೆನ್ನುವುದಕ್ಕಿಂತ ಕರಾರಿನ ಒಂದು ಷರತ್ತಾಗಿಯೇ ಕಾಣುತ್ತದೆ. ಕೊಟ್ಟವನ ಮನಸ್ಸು ತಿರುಗಿದರೂ ಕಲಿಸುವವನ ಅನ್ನ ತಪ್ಪಕೂಡದು ಎಂಬುದೇ ಅದರ ತಾತ್ಪರ್ಯ. ಅಗ್ರಹಾರಗಳ ವೃತ್ತಿಗಳು ಒಂದೇ ವರ್ಣದವರ ಪಾಲಾಗಿದ್ದುವು, ಎಲ್ಲರಿಗೂ ಅಲ್ಲಿ ಎಡೆಯಿರಲಿಲ್ಲ ಎಂಬುದೂ ನಿಜವೇ. ಆದರೂ ಒಮ್ಮೆ ನೇಮಿಸಿದವನನ್ನು ಮನಬಂದಂತೆ ಹೊರಹಾಕದಿರುವ ಏರ್ಪಾಡು ಅಲ್ಲಿತ್ತು.

ಈ ಏರ್ಪಾಡು ಕಳಚಿದ್ದು ಅರಸೊತ್ತಿಗೆಗಳು ಅಳಿದು ಕಂಪೆನಿಯ ಆಡಳಿತ ಬಂದಮೇಲೆ. 1854ರಲ್ಲಿ ಬಂದ ವುಡ್ಡನ ಶಿಕ್ಷಣ ನಿರೂಪವು ಖಾಸಗಿ ಶಾಲೆಗಳಿಗೆ ಸರಕಾರದ ಅನುದಾನ ಕೊಡುವ ಪದ್ಧತಿಯನ್ನು ತಂದಿತು. ಯಾವ ಧರ್ಮದವರ ಶಾಲೆಯಾದರೂ ಆಗಬಹುದು. ಲೌಕಿಕ ವಿಷಯಗಳ ಬೋಧನೆ ಚೆನ್ನಾಗಿದ್ದರೆ ಸಾಕು. ತಪಾಸಣೆಗೆ ಬರುವ ಅಧಿಕಾರಿಯು ಅಲ್ಲಿ ಕಲಿಸುವ ಮತತತ್ತ್ವದ ಗೋಜಿಗೆ ಹೋಗಕೂಡದು. ಸರಕಾರವು ಯಾವ ಮತದ ಪಕ್ಷವನ್ನೂ ವಹಿಸಬಾರದೆಂಬ ಒಳ್ಳೆಯ ಉದ್ದೇಶದಿಂದಲೇ ಈ ನಿಯಮವನ್ನು ಮಾಡಿದರು. ಆದರೆ ಅದರ ಒಂದು ಪರಿಣಾಮವನ್ನು ಯಾರೂ ಗಮನಿಸಲಿಲ್ಲ. ಅಧಿಕಾರಿಯು ಗಣಿತದ ತರಗತಿಗೆ ಬಂದು ಹಾಜರಿ, ಸಂಬಳ, ಅರ್ಹತೆಗಳನ್ನು ನೋಡುತ್ತಾನೆ. ಪಕ್ಕದ ಕೋಣೆಯ ಧರ್ಮಪಾಠವನ್ನು ನೋಡದೆ ಮುಂದೆ ಹೋಗುತ್ತಾನೆ. ಆ ಕೋಣೆಯಲ್ಲಿ ಕಲಿಸುವವನ ಸಂಬಳವೂ ಅವನ ಕಣ್ಣಿಗೆ ಬೀಳುವುದಿಲ್ಲ. ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಆಡಳಿತ ಮೂರು ಕೈ ಬದಲಾಯಿಸಿದರೂ ಈ ಎರಡು ಕೋಣೆಗಳ ವ್ಯತ್ಯಾಸ ಹಾಗೆಯೇ ಉಳಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯ ಪ್ರತಿಯೊಂದು ಸಮಾಜವೂ ಶಾಲೆಗಳನ್ನು ಕಟ್ಟಿತು. ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪನೆಯಾಗಿ, ಶಾಲೆಯಿಂದ ಮೊದಲುಗೊಂಡು ಕಾಲೇಜುಗಳವರೆಗೆ ಬೆಳೆಯಿತು. 1980ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು. ಅದೇ ಊರಿನಲ್ಲಿ 1962ರಲ್ಲಿ ಪ್ರಾರಂಭವಾದ ಜಾಮಿಯಾ ಇಸ್ಲಾಮಿಯಾ ಧರ್ಮವಿದ್ಯೆಗೆ ಮೀಸಲಾದುದು. ಹೊನ್ನಾವರದಲ್ಲಿ ಕ್ರೈಸ್ತರ ಶಾಲೆಗಳು, ಶಿರಾಲಿಯಲ್ಲಿ ಚಿತ್ರಾಪುರ ಮಠದ ಆಶ್ರಯದ ಶ್ರೀವಲಿ ಹೈಸ್ಕೂಲು, ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿ ಮನೆಮನೆಯ ವೇದಪಾಠ. ಇವುಗಳ ನಡುವೆ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಯಾವ ಮತದ ಹೆಸರನ್ನೂ ಹೊರದ ಶಾಲೆಗಳನ್ನು ಜಿಲ್ಲೆಯ ಉದ್ದಕ್ಕೂ ತೆರೆದರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡದ ಹತ್ತಿಯನ್ನು ಹಡಗಿಗೇರಿಸಿ ಹೆಸರಾದ ಕುಮಟೆಯ ಬಂದರು ಆ ವೇಳೆಗೆ ಸೊರಗಿತ್ತು. ಜಿಲ್ಲೆಯ ಮಧ್ಯಮವರ್ಗದ ಮನೆಗಳಿಗೆ ಶಾಲಾಮಾಸ್ತರಿಕೆಯೇ ದೊಡ್ಡ ಆಸರೆಯಾಯಿತು. ನಮ್ಮಲ್ಲಿ ಮಾಸ್ತರರ ಅನ್ನದ ಪ್ರಶ್ನೆಯೆಂದರೆ ಅದು ಸಾವಿರಾರು ಮನೆಗಳ ಪ್ರಶ್ನೆ.

ಸಂವಿಧಾನದ 30ನೆಯ ಅನುಚ್ಛೇದವು ಮತ ಅಥವಾ ಭಾಷೆಯ ಆಧಾರದ ಎಲ್ಲ ಅಲ್ಪಸಂಖ್ಯಾತರಿಗೂ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ಆಡಳಿತ ನಡೆಸುವ ಹಕ್ಕನ್ನು ಕೊಟ್ಟಿತು. ಕೇರಳ ಶಿಕ್ಷಣ ವಿಧೇಯಕದ ಬಗ್ಗೆ 1958ರಲ್ಲಿ ಅಭಿಪ್ರಾಯ ಕೊಟ್ಟ ಸುಪ್ರೀಂ ಕೋರ್ಟು, ಆಡಳಿತದ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲವೆಂದು ಸ್ಪಷ್ಟಪಡಿಸಿತು. ಆದರೆ ಆಡಳಿತವೆಲ್ಲಿ ಮುಗಿಯುತ್ತದೆ, ದುರಾಡಳಿತವೆಲ್ಲಿ ಮೊದಲಾಗುತ್ತದೆ ಎಂಬುದನ್ನು ಗೆರೆಯೆಳೆದು ಹೇಳಲು ಅನೇಕ ವರ್ಷಗಳೇ ಹಿಡಿದುವು. 1974ರಲ್ಲಿ ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು, ಶಿಕ್ಷಕರನ್ನು ತೆಗೆದುಹಾಕಲು ಕುಲಪತಿಯ ಒಪ್ಪಿಗೆ ಬೇಕೆಂಬ ಗುಜರಾತಿನ ನಿಯಮವು ಅಲ್ಪಸಂಖ್ಯಾತರ ಕಾಲೇಜಿಗೆ ಅನ್ವಯಿಸದೆಂದು ತೀರ್ಪಿತ್ತಿತು. ಆಡಳಿತ ಮಂಡಳಿಗಳಿಗೆ ಇದೊಂದು ಗೆಲುವಾಯಿತು. ಆ ಬಳಿಕ ತಕ್ಕಡಿಯು ಇನ್ನೊಂದು ಕಡೆಗೆ ವಾಲಿತು. ದಿಲ್ಲಿಯ ಫ್ರಾಂಕ್ ಆಂಥೊನಿ ಪಬ್ಲಿಕ್ ಸ್ಕೂಲಿನ ನೌಕರರು ತಮಗೂ ಸರಕಾರಿ ಶಾಲೆಯವರಷ್ಟೇ ಸಂಬಳ ಬೇಕೆಂದು ಕೇಳಿದರು. ಅನುದಾನ ಪಡೆಯದ ಅಲ್ಪಸಂಖ್ಯಾತ ಶಾಲೆಗಳನ್ನು ದಿಲ್ಲಿಯ ಕಾಯ್ದೆಯು ಸೇವಾನಿಯಮಗಳಿಂದ ಹೊರಗಿಟ್ಟಿತ್ತು. 1986ರಲ್ಲಿ ಸುಪ್ರೀಂ ಕೋರ್ಟು ಆ ವಿನಾಯಿತಿಯ ಬಹುಭಾಗವನ್ನು ರದ್ದುಮಾಡಿತು. ಶಿಕ್ಷಕರಿಗೆ ನ್ಯಾಯವಾದ ವೇತನವೂ ಮೇಲ್ಮನವಿಯ ಅವಕಾಶವೂ ದೊರೆತರೆ ಅದರಿಂದ ಅಲ್ಪಸಂಖ್ಯಾತರ ಹಕ್ಕಿಗೆ ಊನವಾಗದು ಎಂಬುದು ಅದರ ನಿಲುವು. ನನ್ನ ಅಲ್ಪಮತಿಗೆ ಈ ತೀರ್ಪು ಈ ವಿಷಯದಲ್ಲಿ ಬಂದ ಎಲ್ಲ ತೀರ್ಪುಗಳಿಗಿಂತ ಮಿಗಿಲಾಗಿ ಕಾಣುತ್ತದೆ. ಕಾರಣವೇನೆಂದರೆ ಅದು ಸಂಬಳದಿಂದಲೇ ಆರಂಭಿಸುತ್ತದೆ.

ಎರಡು ವರ್ಷಗಳಲ್ಲಿಯೇ ನಮ್ಮ ನೆರೆಯ ಗೋವಾದ ಒಂದು ಮೊಕದ್ದಮೆಯು ಇದರ ಇನ್ನೊಂದು ಮುಖವನ್ನು ತೋರಿಸಿತು. ಪಣಜಿಯ ಬಳಿಯ ಕಾರಂಜಾಳೆಯಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಸಂಸ್ಥೆಯೊಂದು ನಡೆಸುತ್ತಿದ್ದ ಶಾಲೆಯ ಶಿಕ್ಷಕಿಯೊಬ್ಬರನ್ನು 1975ರಲ್ಲಿ ಕೆಲಸದಿಂದ ಬಿಡಿಸಿದರು. ಆಕೆ ಕಾರ್ಮಿಕ ಕಾಯ್ದೆಯ ಮೊರೆಹೊಕ್ಕರು. ಹದಿಮೂರು ವರ್ಷಗಳ ನಂತರ, 1988ರಲ್ಲಿ, ಸುಪ್ರೀಂ ಕೋರ್ಟು ಹೇಳಿದ್ದಿಷ್ಟು: ಶಾಲೆಯು ಕೈಗಾರಿಕೆಯೆಂಬ ವ್ಯಾಖ್ಯೆಗೆ ಒಳಪಟ್ಟರೂ ಶಿಕ್ಷಕನು ‘ಕಾರ್ಮಿಕ’ನಲ್ಲ, ವಿದ್ಯೆ ಕಲಿಸುವುದು ಕೈಕೆಲಸವೂ ಅಲ್ಲ, ಗುಮಾಸ್ತಿಕೆಯೂ ಅಲ್ಲ, ಅದೊಂದು ಉದಾತ್ತ ವೃತ್ತಿ. ಶಿಕ್ಷಕರಿಗೆ ಬೇರೆಯೇ ಕಾನೂನಿನ ರಕ್ಷಣೆ ಬೇಕೆಂಬುದನ್ನೂ ನ್ಯಾಯಾಲಯ ಮನಗಂಡಿತ್ತು. ಆದರೂ ಫಲಿತಾಂಶವನ್ನು ನೋಡಬೇಕು. ಅದೇ ಶಾಲೆಯ ಜವಾನನು ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ಹತ್ತಬಹುದು, ಪಾಠ ಹೇಳುವಾಕೆ ಹತ್ತಲಾಗದು. ಶಿಕ್ಷಕರಿಗೆ ಸಲ್ಲುವ ಗೌರವವೇ ಅವರ ಬಾಗಿಲಿಗೆ ಬೀಗವಾದ ವಿಚಿತ್ರವಿದು. ಶಿಕ್ಷಕರನ್ನು ಹೊಗಳುವ ಭಾಷಣಗಳನ್ನು ಕೇಳುವಾಗಲೆಲ್ಲ ನನಗೆ ಈ ಮೊಕದ್ದಮೆಯ ನೆನಪಾಗುತ್ತದೆ.

ಕರ್ನಾಟಕವು ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲವೆಂಬುದನ್ನು ಸಂತೋಷದಿಂದ ಹೇಳಬೇಕು. 1975ರಲ್ಲಿಯೇ ಖಾಸಗಿ ಶಿಕ್ಷಣ ಸಂಸ್ಥೆಗಳ (ಶಿಸ್ತು ಮತ್ತು ನಿಯಂತ್ರಣ) ಕಾಯ್ದೆಯು ಬಂದಿತ್ತು. ಅದರ ಸಾರವು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಸೇರಿ 1995ರಲ್ಲಿ ಜಾರಿಗೆ ಬಂದಿತು. ಆರೋಪವನ್ನು ತಿಳಿಸದೆ, ವಿಚಾರಣೆ ನಡೆಸದೆ, ಹೇಳಿಕೊಳ್ಳುವ ಅವಕಾಶ ಕೊಡದೆ ಖಾಸಗಿ ಶಾಲೆಯ ಶಿಕ್ಷಕನನ್ನು ವಜಾ ಮಾಡುವಂತಿಲ್ಲ. ಮಾಡಿದರೆ ಆದೇಶ ತಲಪಿದ ಮೂರು ತಿಂಗಳೊಳಗೆ ಜಿಲ್ಲಾ ನ್ಯಾಯಾಧೀಶರ ದರ್ಜೆಯವರಿರುವ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ದೂರು ಒಯ್ಯಬಹುದು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠವು 2002ರ ಅಕ್ಟೋಬರ್ 31ರಂದು ಕೊಟ್ಟ ತೀರ್ಪು ಪ್ರವೇಶ ಮತ್ತು ಶುಲ್ಕಗಳ ವಿಷಯಕ್ಕಾಗಿಯೇ ಪ್ರಸಿದ್ಧ. ಅದರಲ್ಲಿಯೇ ಖಾಸಗಿ ಸಂಸ್ಥೆಗಳ ಶಿಕ್ಷಕರಿಗೆ ಜಿಲ್ಲಾ ಮಟ್ಟದ ನ್ಯಾಯಮಂಡಳಿ ಬೇಕೆಂದೂ, ಅದು ಬರುವವರೆಗೆ ಜಿಲ್ಲಾ ನ್ಯಾಯಾಧೀಶರೇ ಮೇಲ್ಮನವಿ ಕೇಳಬೇಕೆಂದೂ ಇಡೀ ದೇಶಕ್ಕೆ ಹೇಳಿದೆ. ಇದು ಅಷ್ಟಾಗಿ ಜನರ ಗಮನಕ್ಕೆ ಬಂದಿಲ್ಲ.

ಈ ರಕ್ಷಣೆಯೆಲ್ಲವೂ ಕೆಲಸ ಕಳೆದುಕೊಂಡವರಿಗೆ. ಕೆಲಸದಲ್ಲಿ ಇರುವಾಗಲೇ ಅನುಭವಿಸುವ ತಾರತಮ್ಯದ ರೀತಿಗಳು ಬೇರ��. ಪ್ರತಿವರ್ಷ ಏಪ್ರಿಲಿನಲ್ಲಿ ಬಿಡಿಸಿ ಜೂನಿನಲ್ಲಿ ಮತ್ತೆ ನೇಮಿಸುವುದು. ಮದುವೆಯಾದೊಡನೆ ಹೆಣ್ಣುಮಗಳಿಂದ ರಾಜೀನಾಮೆ ಪಡೆಯುವುದು. ಒಂದು ಮೊತ್ತಕ್ಕೆ ಸಹಿ ಹಾಕಿಸಿಕೊಂಡು ಇನ್ನೊಂದು ಮೊತ್ತವನ್ನು ಕೈಗೆ ಕೊಡುವುದು. ಅನ್ಯಧರ್ಮದವನೆಂದು ಸಹೋದ್ಯೋಗಿಗಳ ಸಭೆಗೂ ಕರೆಯದಿರುವುದು. ಬ್ಯಾಂಕಿನ ಮೂಲಕ ಸಂಬಳ ಕೊಡುವ ಪದ್ಧತಿಯಿಂದ ಸಹಿಯ ಮೋಸವು ಎಷ್ಟೋ ತಗ್ಗಿದೆ. ಆದರೆ ಸಂಬಳ ಬ್ಯಾಂಕಿಗೆ ಬಂದ ಮರುದಿನ ಸಂಸ್ಥೆಗೆ ‘ದೇಣಿಗೆ’ಯ ರೂಪದಲ್ಲಿ ಒಂದು ಪಾಲು ಹಿಂತಿರುಗುವುದನ್ನು ಒಂದು ಸಂಸ್ಥೆಯ ಲೆಕ್ಕ ನೋಡುವಾಗ ನಾನು ಕಂಡಿದ್ದೇನೆ. ದೇಣಿಗೆ ಕೊಟ್ಟವರೆಲ್ಲರೂ ಶಿಕ್ಷಕರೇ, ಎಲ್ಲರ ಮೊತ್ತವೂ ಒಂದೇ. ರೋಜುಪುಸ್ತಕವನ್ನು ಓದಬಲ್ಲವರಿಗೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಎಲ್ಲ ವ್ಯತ್ಯಾಸವೂ ಅನ್ಯಾಯವಲ್ಲ ಎಂಬುದನ್ನೂ ಹೇಳಬೇಕು. ಮುಖ್ಯೋಪಾಧ್ಯಾಯರ ಹುದ್ದೆಯ ವಿಷಯವನ್ನೇ ನೋಡೋಣ. ಕೇರಳದ ಎಂಜೆ ಹೈಸ್ಕೂಲಿನ ಮೊಕದ್ದಮೆಯಲ್ಲಿ 1998ರಲ್ಲಿ ಸುಪ್ರೀಂ ಕೋರ್ಟು, ಅಲ್ಪಸಂಖ್ಯಾತರ ಶಾಲೆಯು ಸೇವಾಹಿರಿತನವನ್ನು ಬದಿಗಿಟ್ಟು ಅರ್ಹನಾದ ತನ್ನ ಇಷ್ಟದವನನ್ನು ಮುಖ್ಯೋಪಾಧ್ಯಾಯನನ್ನಾಗಿ ನೇಮಿಸಬಹುದೆಂದಿತು. ಸಂಸ್ಥೆಯ ಸ್ವರೂಪವನ್ನು ಕಾಯುವವನನ್ನು ಸಂಸ್ಥೆಯೇ ಆರಿಸಿಕೊಳ್ಳುವುದರಲ್ಲಿ ನ್ಯಾಯವಿದೆ. ಆದರೆ ಇಪ್ಪತ್ತೈದು ವರ್ಷ ದುಡಿದ ಹಿರಿಯ ಶಿಕ್ಷಕನಿಗೆ ಇದು ಆಯ್ಕೆಯ ದಿನ ತಿಳಿಯುವುದಕ್ಕೂ ನೇಮಕವಾದ ದಿನವೇ ಬರವಣಿಗೆಯಲ್ಲಿ ತಿಳಿಯುವುದಕ್ಕೂ ಅಜಗಜಾಂತರವಿದೆ. ಪ್ರಾರ್ಥನೆಯ ವಿಷಯ ಇನ್ನೊಂದು. ಸಂವಿಧಾನದ 28ನೆಯ ಅನುಚ್ಛೇದವು ಅನುದಾನಿತ ಶಾಲೆಯಲ್ಲಿ ಯಾರನ್ನೂ ಅವರ ಅಥವಾ ಪೋಷಕರ ಒಪ್ಪಿಗೆಯಿಲ್ಲದೆ ಧರ್ಮಬೋಧನೆಗೆ ಕೂರಿಸಬಾರದೆನ್ನುತ್ತದೆ. ಅದನ್ನು ನಾವು ವಿದ್ಯಾರ್ಥಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿದಿದ್ದೆವು. ನಾಸಿಕದ ಒಬ್ಬ ಶಿಕ್ಷಕರು ಶಾಲಾ ಪ್ರಾರ್ಥನೆಯಲ್ಲಿ ಕೈಜೋಡಿಸದೆ ನಿಂತರೆಂಬ ಕಾರಣಕ್ಕೆ ಅವರಿಗೆ ಮೇಲಿನ ವೇತನಶ್ರೇಣಿಯನ್ನು ತಡೆಹಿಡಿದಾಗ, 2013ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆ ಶಿಕ್ಷಕರ ಪರವಾಗಿ ನಿಂತಿತು. ಪ್ರಾರ್ಥನೆಯ ಹೊತ್ತಿನಲ್ಲಿ ಗೌರವದಿಂದ ನಿಂತರೆ ಸಾಕು; ಕೈಜೋಡಿಸಲು ಒತ್ತಾಯಿಸುವುದು ಆತ್ಮಸಾಕ್ಷಿಯ ಮೇಲೆ ಕೈಹಾಕಿದಂತೆ.

ಇನ್ನು ಪಕ್ಕದ ಕೋಣೆಗೆ ಬರೋಣ. ಗಣಿತ, ವಿಜ್ಞಾನ, ಕನ್ನಡ ಕಲಿಸುವವರಿಗೆ ಇಷ್ಟೆಲ್ಲ ದಾರಿಗಳು ತೆರೆದಿವೆ. ಧರ್ಮಪಾಠ ಹೇಳುವವನಿಗೆ? ಕರ್ನಾಟಕ ಶಿಕ್ಷಣ ಕಾಯ್ದೆಯು ‘ಖಾಸಗಿ ಶಿಕ್ಷಣ ಸಂಸ್ಥೆ’ಯೆಂದರೇನೆಂದು ಹೇಳುವಲ್ಲಿಯೇ, ಧರ್ಮಬೋಧನೆಯನ್ನು ಮಾತ್ರ ಮಾಡುವ ಸಂಸ್ಥೆಯನ್ನು ಹೊರಗಿಟ್ಟಿದೆ. 1854ರ ಇನ್‌ಸ್ಪೆಕ್ಟರು ಹಾಯ್ದುಹೋದ ಕೋಣೆಯನ್ನೇ 1983ರ ಶಾಸಕರೂ ಹಾಯ್ದುಹೋಗಿದ್ದಾರೆ. ಮದ್ರಸಾದ ಉಸ್ತಾದರು, ವೇದಪಾಠಶಾಲೆಯ ಅಧ್ಯಾಪಕರು, ಇಗರ್ಜಿಯ ಧರ್ಮೋಪದೇಶಕರು, ನಮ್ಮ ಜೈನ ಪಾಠಶಾಲೆಯ ಪಂಡಿತರು, ಇವರೆಲ್ಲರೂ ನ್ಯಾಯಮಂಡಳಿಯ ಗೋಡೆಯ ಹೊರಗೇ ಇರುವವರು. ಪಶ್ಚಿಮ ಬಂಗಾಳದ ಅನುದಾನಿತ ಮದ್ರಸಾಗಳಿಗೆ ಶಿಕ್ಷಕರನ್ನು ಆಯೋಗವೊಂದು ಆರಿಸಬೇಕೆಂಬ 2008ರ ಕಾಯ್ದೆಯನ್ನು 2020ರ ಜನವರಿಯಲ್ಲಿ ಎತ್ತಿಹಿಡಿದಾಗ ಸುಪ್ರೀಂ ಕೋರ್ಟು ಇದೇ ಭೇದವನ್ನು ಮುಂದಿಟ್ಟಿತು: ಲೌಕಿಕ ವಿಷಯಗಳಿಗೆ ಅರ್ಹತೆಯೇ ಅಳತೆ, ಧರ್ಮವನ್ನೋ ಭಾಷೆಯನ್ನೋ ಕಾಪಾಡುವ ಬೋಧನೆಗೆ ಆ ಸಮುದಾಯದ ಆಯ್ಕೆಗೆ ಹೆಚ್ಚಿನ ಅವಕಾಶ.

ಕಡಲಾಚೆಯಲ್ಲಿಯೂ ಇದೇ ಕಥೆ. ಅಮೆರಿಕದ ಸುಪ್ರೀಂ ಕೋರ್ಟು 2012ರಲ್ಲಿ ಲೂಥರನ್ ಶಾಲೆಯೊಂದರ ಶಿಕ್ಷಕಿಯ ಮೊಕದ್ದಮೆಯಲ್ಲಿಯೂ, 2020ರಲ್ಲಿ ಕ್ಯಾಥೊಲಿಕ್ ಶಾಲೆಗಳ ಇಬ್ಬರು ಶಿಕ್ಷಕಿಯರ ಮೊಕದ್ದಮೆಯಲ್ಲಿಯೂ, ಧರ್ಮಬೋಧನೆಯ ಹೊಣೆಯುಳ್ಳವರು ತಾರತಮ್ಯ ನಿಷೇಧದ ಕಾನೂನುಗಳ ನೆರವು ಪಡೆಯಲಾರರೆಂದು ತೀರ್ಪಿತ್ತಿತು. ಅವರಲ್ಲಿ ಮೊದಲಿನಾಕೆ ಕಾಯಿಲೆಯ ರಜೆಯಿಂದ ಹಿಂತಿರುಗಿ ಬಂದವರು. 2020ರ ಇಬ್ಬರಲ್ಲಿ ಒಬ್ಬರು ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವುದಿದೆಯೆಂದು ತಿಳಿಸಿದ ಬಳಿಕ ಕೆಲಸ ಕಳೆದುಕೊಂಡವರು. ಧರ್ಮದ ಗರ್ಭಗುಡಿಗೆ ನ್ಯಾಯಾಲಯವು ಕಾಲಿಡದೆಂಬ ತತ್ತ್ವ ಸರಿಯೇ ಇರಬಹುದು. ಹಾಗಾದರೆ ಗರ್ಭಗುಡಿಯೊಳಗೆ ನ್ಯಾಯವನ್ನು ನಡೆಸುವ ಹೊಣೆ ಯಾರದು? ಸರಕಾರವು ಬರಕೂಡದೆಂದು ಬಾಗಿಲಲ್ಲಿ ನಿಂತವರದೇ ಅಲ್ಲವೇ?

ಈ ಪ್ರಶ್ನೆಯು ಈಗ ನಮ್ಮ ಸಮಾಜದ ಮನೆಬಾಗಿಲಿಗೂ ಬಂದಿದೆ. 2014ರ ಜನವರಿ 27ರಂದು ಕೇಂದ್ರ ಸರಕಾರವು ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಅಧಿಸೂಚಿಸಿತು. ಅಲ್ಪಸಂಖ್ಯಾತ ಸಂಸ್ಥೆಯೆಂಬ ಪ್ರಮಾಣಪತ್ರವನ್ನು ಪಡೆಯಲು ನಮ್ಮವರೂ ಉತ್ಸುಕರಾಗಿದ್ದಾರೆ. ಪಡೆಯಲಿ. ಆದರೆ ಅದು ಶಿಕ್ಷಕರ ಕೇಳಿಕೆಗಳಿಗೆ ಅಡ್ಡಹಿಡಿಯುವ ಗುರಾಣಿಯೆಂದು ಭಾವಿಸುವವರು ನಮ್ಮ ಸಭೆಗಳಲ್ಲಿಯೂ ಇದ್ದಾರೆ. ಅಂಥವರು ಗಣೇಶಪ್ರಸಾದ ವರ್ಣೀಜಿಯವರ ಜೀವನವನ್ನು ಓದಬೇಕು. 1874ರಲ್ಲಿ ಬುಂದೇಲಖಂಡದ ವೈಷ್ಣವ ಮನೆತನದಲ್ಲಿ ಹುಟ್ಟಿ ಜೈನಧರ್ಮವನ್ನು ಸ್ವೀಕರಿಸಿದ ಅವರು ನ್ಯಾಯಶಾಸ್ತ್ರ ಕಲಿಯಲು ಕಾಶಿಗೆ ಹೋದಾಗ, ಜೈನನೆಂಬ ಕಾರಣಕ್ಕೇ ಪಂಡಿತರೊಬ್ಬರು ಅವರನ್ನು ಹೊರಗಟ್ಟಿದರು. ಕೈಗೆ ಬಂದ ಒಂದು ರೂಪಾಯಿ ದಾನದಿಂದ ಅರವತ್ತನಾಲ್ಕು ಅಂಚೆಕಾರ್ಡುಗಳನ್ನು ಕೊಂಡು ಊರೂರಿನ ಶ್ರಾವಕರಿಗೆ ಬರೆದು, 1905ರಲ್ಲಿ ಕಾಶಿಯಲ್ಲಿಯೇ ಸ್ಯಾದ್ವಾದ ಮಹಾವಿದ್ಯಾಲಯವನ್ನು ಅವರು ತೆರೆದರು. ಆ ವಿದ್ಯಾಲಯದಲ್ಲಿ ನ್ಯಾಯಶಾಸ್ತ್ರದ ಅಧ್ಯಾಪಕರಾಗಿ ಬಂದವರು ಅಂಬಾದಾಸ ಶಾಸ್ತ್ರಿಗಳು, ಬ್ರಾಹ್ಮಣ ವಿದ್ವಾಂಸರು. ಧರ್ಮದ ಕಾರಣದಿಂದ ತಳ್ಳಿಸಿಕೊಂಡವರು ತಾವು ಶಾಲೆ ಕಟ್ಟಿದಾಗ ಅನ್ಯಧರ್ಮದ ಗುರುವನ್ನು ಗೌರವದಿಂದ ಪೀಠದಲ್ಲಿ ಕೂರಿಸಿದರು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಅಣುವ್ರತಗಳ ಅತಿಚಾರಗಳನ್ನು ಎಣಿಸಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯ ಎರಡು ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಎತ್ತಿನ ಮೇಲೆ ಮಿತಿಮೀರಿ ಹೊರೆ ಹೇರಬಾರದು, ಹೊತ್ತಿಗೆ ಸರಿಯಾಗಿ ಮೇವುನೀರು ತಪ್ಪಿಸಬಾರದು ಎಂದು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಒಬ್ಬ ಪಂಡಿತನಿಗೆ ಬೆಳಗಿನ ಪೂಜೆ, ಹಗಲಿನ ಪಾಠ, ಸಂಜೆಯ ಪ್ರವಚನ, ಹಬ್ಬದ ದಿನ ಅತಿಥಿಗಳ ಉಪಚಾರ ಎಲ್ಲವನ್ನೂ ಒಂದೇ ಸಂಬಳಕ್ಕೆ ಹೊರಿಸಿದರೆ ಅದು ಅತಿಭಾರಾರೋಪಣವಲ್ಲವೇ? ದಾನಿಗಳ ಹಣ ಬಂದಿಲ್ಲವೆಂದು ಮೂರು ತಿಂಗಳ ಸಂಬಳ ನಿಲ್ಲಿಸುವುದು ಅನ್ನಪಾನನಿರೋಧವಲ್ಲದೆ ಮತ್ತೇನು? ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ, ಒಂದು. ಮೇಲೆ ಹೇಳಿದ ವೋಚರಿಗೂ ‘ದೇಣಿಗೆ’ಯ ರಸೀತಿಗೂ ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಲೆಕ್ಕಪರಿಶೋಧಕನೂ ಹುಡುಕಲಾರನು. ರತ್ನಕರಂಡಕ ಶ್ರಾವಕಾಚಾರದ ಎಂಟು ಮದಗಳಲ್ಲಿ ಕುಲಮದವೂ ಜಾತಿಮದವೂ ಎಣಿಕೆಯಾಗಿವೆಯೆಂಬುದನ್ನು ನೇಮಕಾತಿಗೆ ಕೂರುವ ಸಮಿತಿಯವರಿಗೆ ನೆನಪಿಸಿದರೆ ತಪ್ಪಾಗದು.

ಹಾಗಾದರೆ ಕಾನೂನು ಮುಟ್ಟದ ಆ ಕೋಣೆಯಲ್ಲಿ ನಾವು ಏನು ಮಾಡಬಹುದು? ಹಿಂದಿನವರು ಮಾಡಿದ್ದನ್ನೇ ಮಾಡಬಹುದು, ಬರೆದುಕೊಡಬಹುದು. ಈಗ ಕಲ್ಲಿನ ಅಗತ್ಯವಿಲ್ಲ, ಒಂದು ಹಾಳೆ ಸಾಕು. ಸಂಬಳವೆಷ್ಟು, ಯಾವ ದಿನ. ಕೆಲಸದ ಹೊತ್ತು ಎಷ್ಟು. ಪರೀಕ್ಷಾರ್ಥ ಅವಧಿ ಎಂದಿಗೆ ಮುಗಿಯುತ್ತದೆ. ಹೆರಿಗೆಗೆ, ಕಾಯಿಲೆಗೆ ರಜೆ. ಮೇಲಿನ ಹುದ್ದೆಗೆ ಅವರು ಅರ್ಹರೋ ಅಲ್ಲವೋ. ದೂರು ಬಂದರೆ ಯಾರು ವಿಚಾರಿಸುತ್ತಾರೆ. ವಿಚಾರಿಸುವವರಲ್ಲಿ ಟ್ರಸ್ಟಿಗೆ ಸೇರದ ಒಬ್ಬರಾದರೂ ಇರಬೇಕು. ನಿವೃತ್ತ ನ್ಯಾಯಾಧೀಶರೋ ನಿವೃತ್ತ ಮುಖ್ಯೋಪಾಧ್ಯಾಯರೋ ಯಾವ ತಾಲ್ಲೂಕಿನಲ್ಲಿಯೂ ಸಿಗುತ್ತಾರೆ. ಪಾಠಶಾಲೆಯ ಪಂಡಿತರಿಗೂ ಅದೇ ಟ್ರಸ್ಟಿನ ಹೈಸ್ಕೂಲಿನ ಶಿಕ್ಷಕರಿಗೂ ಒಂದೇ ನಮೂನೆಯ ಪತ್ರವಿರಬೇಕು. ಬಾಯಿಮಾತಿನಲ್ಲಿ ನೇಮಕವಾದವನನ್ನು ಬಾಯಿಮಾತಿನಲ್ಲಿಯೇ ಕಳುಹಿಸುತ್ತಾರೆ.

ಗ್ರ್ಯಾಚ್ಯುಯಿಟಿಯ ಮಾತನ್ನೂ ಹೇಳಿಬಿಡುತ್ತೇನೆ. ಶಿಕ್ಷಣ ಸಂಸ್ಥೆಗಳಿಗೆ 1997ರ ಏಪ್ರಿಲ್ 3ರಂದು ಗ್ರ್ಯಾಚ್ಯುಯಿಟಿ ಕಾಯ್ದೆಯನ್ನು ಅನ್ವಯಿಸಿದರು. ಶಿಕ್ಷಕನು ಆ ಕಾಯ್ದೆಯ ‘ನೌಕರ’ನಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪಾರ್ಲಿಮೆಂಟು 2009ರಲ್ಲಿ ವ್ಯಾಖ್ಯೆಯನ್ನೇ ತಿದ್ದಿ, 1997ರಿಂದಲೇ ಅನ್ವಯವಾಗುವಂತೆ ಮಾಡಿತು. ಖಾಸಗಿ ಶಾಲೆಗಳವರು ಇದನ್ನು ಪ್ರಶ್ನಿಸಿ 2022ರ ಆಗಸ್ಟಿನಲ್ಲಿ ಸೋತರು. ಈ ಹಕ್ಕು ಹತ್ತು ಮಂದಿ ನೌಕರರಿರುವ ಸಂಸ್ಥೆಗೆ. ಇಬ್ಬರು ಪಂಡಿತರಿರುವ ಪಾಠಶಾಲೆಗೆ ಅದರ ಕಟ್ಟಿಲ್ಲ. ಆದರೆ ಅಳತೆಗೋಲನ್ನು ನಾವು ಎರವಲು ಪಡೆಯಬಹುದು. ಸೇವೆಯ ಒಂದೊಂದು ವರ್ಷಕ್ಕೂ ಹದಿನೈದು ದಿನದ ಸಂಬಳ, ತಿಂಗಳನ್ನು ಇಪ್ಪತ್ತಾರು ದಿನವೆಂದು ಎಣಿಸಿ. ಪಂಡಿತರ ಸಂಬಳ ತಿಂಗಳಿಗೆ 13,000 ರೂಪಾಯಿಯಾದರೆ ವರ್ಷಕ್ಕೆ 7,500. ಇಪ್ಪತ್ತು ವರ್ಷಕ್ಕೆ 1,50,000 ರೂಪಾಯಿ. ಪ್ರತಿವರ್ಷ ಮಾರ್ಚಿ 31ರಂದು ಆ 7,500 ರೂಪಾಯಿಯನ್ನು ಅವರ ಹೆಸರಿನ ಪ್ರತ್ಯೇಕ ಖಾತೆಗೆ ಜಮಾ ಮಾಡಿ, ಅದರ ತಪಶೀಲನ್ನು ಟ್ರಸ್ಟಿನ ವಾರ್ಷಿಕ ವರದಿಯಲ್ಲಿ ದಾನಿಗಳ ಪಟ್ಟಿಗಿಂತ ಮೊದಲು ಅಚ್ಚು ಹಾಕಿಸಬೇಕು.